ತರಗತಿಯ ಹೊರಗಿನ ಇಂಗ್ಲಿಷ್: ಹಂಪಿಯ ಸುತ್ತ ಇನ್ನೂರು ವರ್ಷ

ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡವರು ಮುಂದೆ ಏನಾಗುತ್ತಾರೆ? ಹೊಸಪೇಟೆಯಲ್ಲಿ ಕೇಳಿ, ಕಂಪ್ಲಿಯಲ್ಲಿ ಕೇಳಿ, ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಯಾವುದೇ ಮನೆಯಲ್ಲಿ ಕೇಳಿ, ಹಿರಿಯರಿಂದ ಬರುವ ಉತ್ತರ ಒಂದೇ: ‘ಎಂ.ಎ. ಇಲ್ಲವೇ ಬಿ.ಎಡ್. ಮಾಡಿ ಮೇಷ್ಟ್ರಾಗುತ್ತಾರೆ.’ ತರಗತಿಯಲ್ಲಿ ಕಲಿತ ಇಂಗ್ಲಿಷ್ ಮತ್ತೆ ತರಗತಿಗೇ ಮರಳಬೇಕು, ಅದಕ್ಕೆ ಬೇರೆ ದಾರಿಯಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬೋಧಕ ಹುದ್ದೆಗಳು ಕಡಿಮೆಯಾದಾಗ ಆ ವಿಷಯ ಓದಿದ್ದೇ ತಪ್ಪಾಯಿತು ಎನ್ನುವ ಮಾತೂ ಕೇಳಿಬರುತ್ತದೆ.

ಆದರೆ ತುಂಗಭದ್ರೆಯ ದಂಡೆಯ ಈ ಸೀಮೆಯ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ತಿರುವಿ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಕಳೆದ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಇಲ್ಲಿ ಇಂಗ್ಲಿಷಿನ ದೊಡ್ಡ ಕೆಲಸಗಳೆಲ್ಲ ನಡೆದದ್ದು ತರಗತಿಯ ಹೊರಗೆ: ಸರ್ವೆ ಡೇರೆಗಳಲ್ಲಿ, ಅಚ್ಚುಕೂಟಗಳಲ್ಲಿ, ವಕೀಲರ ಮನೆಗಳಲ್ಲಿ, ಪಾಳುಬಿದ್ದ ಗುಡಿಗಳ ಮುಂದೆ, ಅಣೆಕಟ್ಟಿನ ಕಚೇರಿಗಳಲ್ಲಿ. ಆ ಕೆಲಸ ಮಾಡಿದವರಲ್ಲಿ ಬಹುಮಂದಿ ಎರಡು ಭಾಷೆಗಳ ನಡುವೆ ನಿಂತ ಸ್ಥಳೀಯರು. ಅವರಿಗೆ ಸಿಕ್ಕಿದ್ದೇನು, ಸಿಗದೆ ಹೋದದ್ದೇನು ಎಂಬುದನ್ನು ತಿಳಿದರೆ ಇಂದಿನ ವಿದ್ಯಾರ್ಥಿಗೆ ಮುಂದಿನ ದಾರಿಯೂ ಸ್ವಲ್ಪ ಕಂಡೀತು.

ದುಭಾಷಿಗಳ ಕಾಲ

ಹಂಪಿಯ ಅವಶೇಷಗಳ ಮೊದಲ ಸರ್ವೆ ನಕ್ಷೆ ತಯಾರಾದದ್ದು 1799ರಲ್ಲಿ, ಕಾಲಿನ್ ಮೆಕೆಂಝಿಯ ಕೈಯಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿದ್ದ ಈತ ಮುಂದೆ 1815ರಲ್ಲಿ ಇಡೀ ಭಾರತದ ಸರ್ವೇಯರ್ ಜನರಲ್ ಆದ. ನೆಲ ಅಳೆಯುವುದರ ಜೊತೆಗೆ ಊರೂರಿನ ಕೈಫಿಯತ್ತು, ಶಾಸನಗಳ ಪ್ರತಿ, ವಂಶಾವಳಿ, ಓಲೆಗರಿ ಎಲ್ಲವನ್ನೂ ಕೂಡಿಹಾಕಿದ. ದಕ್ಷಿಣ ಭಾರತದ ಚರಿತ್ರೆ ಬರೆಯುವವರು ಇಂದಿಗೂ ಮುಟ್ಟಲೇಬೇಕಾದ ಭಂಡಾರ ಅದು.

ಸ್ವಾರಸ್ಯವೆಂದರೆ, ಮೆಕೆಂಝಿಗೆ ದೇಶಭಾಷೆಗಳು ಬರುತ್ತಿರಲಿಲ್ಲ. ಅದನ್ನು ಅವನೇ ಒಪ್ಪಿಕೊಂಡಿದ್ದಾನೆ. ಹಾಗಿದ್ದರೆ ಊರಿನ ಶಾನುಭೋಗನ ಮುಂದೆ ಕುಳಿತು ಕೇಳಿದವರು ಯಾರು? ಬರೆದುಕೊಂಡವರು ಯಾರು? ಇಂಗ್ಲಿಷಿಗೆ ತಿರುಗಿಸಿದವರು ಯಾರು? ಏಲೂರು ಕಡೆಯ ತೆಲುಗು ಮನೆತನದ ಕಾವಲಿ ಸೋದರರು ಇವರಲ್ಲಿ ಮುಖ್ಯರು. ಹಿರಿಯರಾದ ಬೊರ್ರಯ್ಯ 1796ರ ಸುಮಾರಿಗೆ ಮೆಕೆಂಝಿಯ ದುಭಾಷಿಯಾಗಿ ಸೇರಿ, ಈ ಸಂಗ್ರಹ ಕಾರ್ಯಕ್ಕೆ ಒಂದು ಕ್ರಮವನ್ನು ಹಾಕಿಕೊಟ್ಟರು. 1803ರಲ್ಲಿ ಅವರು ಅಕಾಲದಲ್ಲಿ ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ ಆ ಹೊಣೆ ಹೊತ್ತರು. ಇನ್ನೊಬ್ಬ ಸೋದರ ರಾಮಸ್ವಾಮಿ 1829ರಲ್ಲಿ ದಖ್ಖನಿನ ಕವಿಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲೇ ಬರೆದು ಪ್ರಕಟಿಸಿದರು. ಭಾರತೀಯರು ಇಂಗ್ಲಿಷಿನಲ್ಲಿ ಬರೆದ ತೀರ ಮೊದಲಿನ ಪುಸ್ತಕಗಳಲ್ಲಿ ಅದೂ ಒಂದು. ಇವರಾರೂ ಇಂಗ್ಲಿಷ್ ಪದವೀಧರರಲ್ಲ; ಆಗ ನಮ್ಮ ದೇಶದಲ್ಲಿ ಅಂಥ ಪದವಿಯೇ ಇರಲಿಲ್ಲ.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಮೆಕೆಂಝಿ 1821ರಲ್ಲಿ ತೀರಿಕೊಂಡ. ನಿಂತುಹೋದ ಕೆಲಸವನ್ನು ತಾವು ಮುಂದುವರಿಸುವುದಾಗಿ ಲಕ್ಷ್ಮಯ್ಯ ಕೇಳಿಕೊಂಡರು. 1830ರ ದಶಕದಲ್ಲಿ ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯ ಮುಂದೆ ಆ ವಿಷಯ ಬಂದಾಗ, ಇಂಥ ಕೆಲಸದ ನೇತೃತ್ವಕ್ಕೆ ಬೇಕಾದ ಯೋಗ್ಯತೆ ಅವರಿಗಿಲ್ಲವೆಂಬ ಅಭಿಪ್ರಾಯ ಹೊರಬಿತ್ತು. ವರ್ಷಗಟ್ಟಲೆ ಆ ಕೆಲಸವನ್ನೇ ನಡೆಸಿದ್ದವರಿಗೆ ದೊರೆತ ಉತ್ತರವಿದು! ಎರಡು ಭಾಷೆ ಬಲ್ಲವನ ದುಡಿಮೆ ಎಲ್ಲರಿಗೂ ಬೇಕು, ಆದರೆ ಹೊತ್ತಗೆಯ ಮೇಲೆ ಅವನ ಹೆಸರು ಬೇಡ ಎಂಬ ಧೋರಣೆ ಅಂದಿನಿಂದಲೇ ಬಂದದ್ದು.

ಬಳ್ಳಾರಿಯ ನಿಘಂಟು

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಇಂಗ್ಲಿಷ್ ಸಂಪರ್ಕಕ್ಕೆ ಬಳ್ಳಾರಿಯೇ ಹೆಬ್ಬಾಗಿಲಾಗಿತ್ತು. 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ದತ್ತ ಮಂಡಲಗಳಲ್ಲಿ ಇದೂ ಸೇರಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ಲಿನ ಅನುವಾದಕ್ಕೆ ಕೈಹಾಕಿದ. ಅವನ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದ. ಕಿಟೆಲ್ಲರ ಮಹಾನಿಘಂಟು ಬಂದದ್ದು 1894ರಲ್ಲಿ. ಅದಕ್ಕಿಂತ ಆರು ದಶಕ ಮೊದಲಿನ ಮಾತಿದು.

ನಿಘಂಟು ಎಂದರೆ ಒಬ್ಬರ ಮೇಜಿನ ಮೇಲೆ ಹುಟ್ಟುವ ವಸ್ತುವಲ್ಲ. ಒಂದೊಂದು ಶಬ್ದಕ್ಕೂ ‘ಇದನ್ನು ನಿಮ್ಮ ಕಡೆ ಹೇಗೆ ಬಳಸುತ್ತೀರಿ?’ ಎಂದು ಕೇಳಬೇಕು. ಕೇಳಿದರೆ ಹೇಳುವವರು ಬೇಕು. ರೀವ್‌ನ ಹೆಸರು ಉಳಿದಿದೆ, ಶಬ್ದ ಕೊಟ್ಟವರ ಹೆಸರು ಉಳಿದಿಲ್ಲ. ಆದರೂ ಕನ್ನಡ ಮತ್ತು ಇಂಗ್ಲಿಷುಗಳ ನಡುವೆ ಓಡಾಡುವ ದಾರಿಯನ್ನು ಮೊದಮೊದಲು ಕಡಿದು ಹಸನು ಮಾಡಿದ ಊರುಗಳಲ್ಲಿ ಬಳ್ಳಾರಿಯೂ ಒಂದು ಎಂಬುದು ಇಲ್ಲಿನ ಕಾಲೇಜು ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದ ಸಂಗತಿ.

‘ಮರೆತ’ ಸಾಮ್ರಾಜ್ಯಕ್ಕೆ ಮರುನುಡಿ

1900ರಲ್ಲಿ ರಾಬರ್ಟ್ ಸಿವೆಲ್‌ನ ‘ಎ ಫರ್ಗಾಟನ್ ಎಂಪೈರ್’ ಪ್ರಕಟವಾಯಿತು. ಸಿವೆಲ್ ಮದ್ರಾಸ್ ಸಿವಿಲ್ ಸರ್ವೀಸಿನ ಅಧಿಕಾರಿ, ಬಳ್ಳಾರಿಯಲ್ಲಿ ಕಲೆಕ್ಟರನಾಗಿದ್ದವನು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಡೊಮಿಂಗೊ ಪಾಯಸ್ ಮತ್ತು ಅವನ ನಂತರ ಬಂದ ಕುದುರೆ ವ್ಯಾಪಾರಿ ಫರ್ನಾವ್ ನೂನಿಜ್ ಬರೆದ ಪೋರ್ಚುಗೀಸ್ ವೃತ್ತಾಂತಗಳು ಪ್ಯಾರಿಸ್ಸಿನ ಗ್ರಂಥಾಲಯದಲ್ಲಿದ್ದವು. 1897ರಲ್ಲಿ ಲಿಸ್ಬನ್ನಿನಲ್ಲಿ ಅವು ಅಚ್ಚಾದವು. ಸಿವೆಲ್ ಅವನ್ನು ಇಂಗ್ಲಿಷಿಗೆ ತಂದು ತನ್ನ ಪುಸ್ತಕದಲ್ಲಿ ಸೇರಿಸಿದ. ಇಂದು ಹಂಪಿಯಲ್ಲಿ ಯಾವ ಮಾರ್ಗದರ್ಶಿಯನ್ನು ಕೇಳಿದರೂ ಈ ನಗರ ರೋಮಿನಷ್ಟು ದೊಡ್ಡದಾಗಿತ್ತೆಂದು ಪಾಯಸ್ ಹೇಳಿದ್ದನ್ನು ತಪ್ಪದೆ ಹೇಳುತ್ತಾರೆ. ಆ ಮಾತು ಪೋರ್ಚುಗೀಸಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಬಂದು ಅವರ ನಾಲಿಗೆಯ ಮೇಲೆ ಕುಳಿತಿದೆ. ಅನುವಾದವೊಂದು ಊರಿನ ಅನ್ನಕ್ಕೆ ದಾರಿಯಾದ ಬಗೆ ಇದು.

ಸಿವೆಲ್‌ನ ಪುಸ್ತಕಕ್ಕೆ ನಮ್ಮವರು ಸುಮ್ಮನಿರಲಿಲ್ಲ. ಜ್ಯೋತಿಷಿ ಬಿ.ವಿ. ರಾಮನ್ ಅವರ ಅಜ್ಜ ಬಿ. ಸೂರ್ಯನಾರಾಯಣರಾವ್ 1905ರಲ್ಲಿ ಇಂಗ್ಲಿಷಿನಲ್ಲೇ ವಿಜಯನಗರದ ಚರಿತ್ರೆ ಬರೆದರು. ಅದಕ್ಕೆ ಅವರಿಟ್ಟ ಹೆಸರು ‘ದಿ ನೆವರ್ ಟು ಬಿ ಫರ್ಗಾಟನ್ ಎಂಪೈರ್’, ಅಂದರೆ ಎಂದಿಗೂ ಮರೆಯಲಾಗದ ಸಾಮ್ರಾಜ್ಯ. ಸಿವೆಲ್‌ನ ಶೀರ್ಷಿಕೆಗೆ ಎದುರಾಡಿದಂತಿರುವ ಈ ಹೆಸರಿನ ಹಿಂದೊಂದು ಪ್ರಶ್ನೆಯಿದೆ. ಮರೆತವರು ಯಾರು? ವಿರೂಪಾಕ್ಷನ ತೇರು ಎಳೆಯುತ್ತಿದ್ದ ಜನ ಮರೆತಿದ್ದರೇ? ವಿಜಯನಗರದ ಕಾಲದ ಕಾಲುವೆಯ ನೀರಿನಲ್ಲಿ ಗದ್ದೆ ನೆಡುತ್ತಿದ್ದವರು ಮರೆತಿದ್ದರೇ?

ಅದೇ ಕಾಲಕ್ಕೆ ಬಳ್ಳಾರಿಯ ವಕೀಲರಾದ ಕೋಲಾಚಲಂ ಶ್ರೀನಿವಾಸರಾವ್ ವಿಜಯನಗರದ ಪತನವನ್ನು ತೆಲುಗು ನಾಟಕವಾಗಿಸಿದರು. ವಕೀಲಿಯ ಜೊತೆಗೇ ಬಣ್ಣ ಹಚ್ಚಿದ ಬಳ್ಳಾರಿ ರಾಘವ ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಅಭಿನಯಿಸಿ ಹೆಸರಾದರು. ಕೋರ್ಟಿಗಾಗಿ ಕಲಿತ ಇಂಗ್ಲಿಷ್ ಅವರನ್ನು ಷೇಕ್ಸ್‌ಪಿಯರನ ರಂಗಭೂಮಿಗೆ ಒಯ್ದಿತ್ತು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಸ್ಮರಣ ಸಂಪುಟ ಧಾರವಾಡದಿಂದ ಹೊರಬಂತು. ಅದೂ ಇಂಗ್ಲಿಷಿನಲ್ಲಿತ್ತು. ಬ್ರಿಟಿಷರ ಭಾಷೆಯನ್ನು ಕಲಿತು ಅದರಲ್ಲೇ ಅವರ ಜೊತೆ ವಾದಿಸಿದ ಕಾಲ ಅದು.

ಕಲ್ಲಿನ ಮೇಲಿನ ಹೆಸರುಗಳು

ಹಂಪಿಯ ಫಲಕಗಳನ್ನು ಗಮನವಿಟ್ಟು ಓದಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಇಲ್ಲಿನ ಸ್ಮಾರಕಗಳಿಗೆ ಎರಡು ಬಗೆಯ ಹೆಸರುಗಳಿವೆ. ಸಾಸಿವೆಕಾಳು ಗಣೇಶ, ಕಡಲೆಕಾಳು ಗಣೇಶ, ಬಡವಿಲಿಂಗ, ಎದುರು ಬಸವಣ್ಣ, ಅಕ್ಕ ತಂಗಿಯರ ಗುಡ್ಡ ಇವು ಜನ ಇಟ್ಟ ಹೆಸರುಗಳು. ಲೋಟಸ್ ಮಹಲ್, ಕ್ವೀನ್ಸ್ ಬಾತ್, ಎಲಿಫೆಂಟ್ ಸ್ಟೇಬಲ್ಸ್, ಜನಾನಾ ಎನ್‌ಕ್ಲೋಷರ್ ಇವು ಇಂಗ್ಲಿಷ್ ಬರಹಗಳಲ್ಲಿ ನೆಲೆಯಾದ ಹೆಸರುಗಳು. 1917ರಲ್ಲಿ ಪ್ರಕಟವಾದ ಲಾಂಗ್‌ಹರ್ಸ್ಟ್‌ನ ಹಂಪಿ ಕೈಪಿಡಿಯಂಥ ಪುಸ್ತಕಗಳಿಂದ ಇವು ಬೇರೂರಿದವು.

ಹೆಸರು ಬದಲಾದರೆ ಅರ್ಥವೂ ಬದಲಾಗುತ್ತದೆ. ನಾವು ಕಮಲ ಮಹಲೆಂದು ಕರೆಯುವ ಕಟ್ಟಡ 1799ರ ನಕ್ಷೆಯಲ್ಲಿ ಮಂತ್ರಾಲೋಚನೆಯ ಸಭಾಗೃಹವೆಂದು ಗುರುತಾಗಿದೆ. ಅದೇ ಕಟ್ಟಡ ಜನಾನಾ ಎಂಬ ಹೆಸರಿನ ಆವರಣದೊಳಗೆ ಇರುವುದರಿಂದ, ನೋಡಲು ಬಂದವರೆಲ್ಲ ರಾಣಿಯರ ವಿಹಾರವನ್ನೇ ಕಲ್ಪಿಸಿಕೊಳ್ಳುತ್ತಾರೆ. ರಾಣಿಯ ಸ್ನಾನಗೃಹವೆಂದು ಹೆಸರಾದ ಕಟ್ಟಡ ರಾಣಿಯರಿಗೇ ಮೀಸಲಾಗಿತ್ತೆಂದು ಹೇಳಲು ಗಟ್ಟಿ ಆಧಾರವಿಲ್ಲ. ಇನ್ನು ಉಗ್ರನರಸಿಂಹನೆಂದು ಜನ ಕರೆಯುವ ವಿಗ್ರಹದ ತೊಡೆಯ ಮೇಲೆ ಹಿಂದೆ ಲಕ್ಷ್ಮಿಯಿದ್ದಳು, ಅದು ಲಕ್ಷ್ಮೀನರಸಿಂಹ. ಅಂದರೆ ತಪ್ಪುವುದು ಇಂಗ್ಲಿಷ್ ಹೆಸರು ಮಾತ್ರವಲ್ಲ, ಕನ್ನಡ ಹೆಸರೂ ತಪ್ಪಬಹುದು. ಎರಡನ್ನೂ ಒರೆಗೆ ಹಚ್ಚಿ ನೋಡುವವರು ಬೇಕು.

1980ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಹಂಪಿಯಲ್ಲಿ ಬೀಡುಬಿಟ್ಟು ಒಂದೊಂದು ಗೋಡೆಯನ್ನೂ ದಾಖಲಿಸಿದರು. ವಿಜಯನಗರದ ಕೆರೆ ಕಾಲುವೆಗಳ ಮೇಲೆಯೂ 1990ರ ದಶಕದಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥಗಳು ಬಂದವು. ಆದರೆ ಅವುಗಳಲ್ಲಿ ಚರ್ಚೆಗೆ ಬಂದ ಬಸವಣ್ಣ ಕಾಲುವೆಯ ನೀರಿನಲ್ಲೇ ಬಾಳೆ, ಕಬ್ಬು ಬೆಳೆಯುವ ರೈತರ ಮನೆಗೆ ಆ ಪುಸ್ತಕಗಳು ಬಂದಿಲ್ಲ. ಅವರ ಮನೆಯ ಮಕ್ಕಳೇ ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದಾರೆ. ಅವರ ಪಠ್ಯದಲ್ಲಿ ವರ್ಡ್ಸ್‌ವರ್ತ್ ಕಂಡ ಹೂಗಳಿವೆ, ಅದು ಇರಲಿ. ತಮ್ಮ ಊರಿನ ಬಗ್ಗೆಯೇ ಇಂಗ್ಲಿಷಿನಲ್ಲಿ ಇಷ್ಟೆಲ್ಲ ಬರೆದಿದ್ದಾರೆ ಎಂಬ ಸುದ್ದಿಯಾದರೂ ಅವರಿಗೆ ತಲುಪಬೇಡವೇ?

ಈ ಅಂತರವನ್ನು ಇಂದು ತುಂಬುತ್ತಿರುವವರು ಹಂಪಿಯ ಮಾರ್ಗದರ್ಶಿಗಳು. ಒಳ್ಳೆಯ ಮಾರ್ಗದರ್ಶಿ ಬಾಯಿಪಾಠ ಒಪ್ಪಿಸುವವನಲ್ಲ. ಬಂದವರು ಯಾರು, ಅವರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ಕ್ಷಣದಲ್ಲಿ ಅಳೆದು, ತೇರು ಎಂದರೇನು, ಪುಷ್ಕರಣಿ ಎಂದರೇನು ಎಂದು ಅವರ ಭಾಷೆಯಲ್ಲಿ ಬಿಡಿಸಿ ಹೇಳುವವನು. ಇದು ಹಂಗಾಮಿನ ದುಡಿಮೆ ಎಂಬುದು ನಿಜ. ಚಳಿಗಾಲದಲ್ಲಿ ಕೈತುಂಬ ಕೆಲಸ, ಬೇಸಿಗೆಯಲ್ಲಿ ಬರಿಗೈ. 2020ರಲ್ಲಿ ಕೊರೊನಾ ಬಂದಾಗ ಅದೂ ನಿಂತುಹೋಯಿತು. ಆದ್ದರಿಂದ ಇದೊಂದನ್ನೇ ನಂಬಿ ಎಂದು ಯುವಕರಿಗೆ ಹೇಳುವಂತಿಲ್ಲ. ಆದರೆ ಇದರ ಸುತ್ತ ಫಲಕ ಬರೆಯುವುದು, ಕೈಪಿಡಿ ತಯಾರಿಸುವುದು, ವಸ್ತುಸಂಗ್ರಹಾಲಯದ ವಿವರಣೆ, ಧ್ವನಿ ಮಾರ್ಗದರ್ಶಿ ಹೀಗೆ ಭಾಷೆಯ ಹಲವು ಕೆಲಸಗಳಿವೆ.

ಮನೆ, ನೀರು, ಅದಿರು

ಇಷ್ಟು ಹೊತ್ತು ಹೇಳಿದ್ದು ಕಲ್ಲಿನ ಮಾತು. ಬದುಕಿನ ಮಾತಿಗೆ ಬಂದರೆ ಎರಡು ಭಾಷೆ ಬಲ್ಲವರ ಕೊರತೆ ಇನ್ನೂ ಹೆಚ್ಚು ಚುಚ್ಚುತ್ತದೆ.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿ ಸೇತುವೆಯ ವಿವಾದದಿಂದ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಬಿದ್ದು, 2006ರಲ್ಲಿ ಅದರಿಂದ ಹೊರಬಂತು. ಈ ಅವಧಿಯುದ್ದಕ್ಕೂ ಯುನೆಸ್ಕೊದ ವರದಿಗಳು ಬಂದದ್ದು ಇಂಗ್ಲಿಷಿನಲ್ಲಿ. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಬದುಕುತ್ತಿದ್ದ ಕುಟುಂಬಗಳನ್ನು ತೆರವುಗೊಳಿಸಿದಾಗಲೂ ಅದರ ಹಿಂದಿದ್ದ ನ್ಯಾಯಾಲಯದ ಆದೇಶಗಳ ಭಾಷೆ ಅದೇ. ತೆರವು ಸರಿಯೋ ತಪ್ಪೋ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿರಬಹುದು. ಆದರೆ ಮನೆ ಕಳೆದುಕೊಳ್ಳುವವನಿಗೆ ತನ್ನ ಮನೆಯ ಬಗ್ಗೆ ಬರೆದ ಕಾಗದ ಅರ್ಥವಾಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ.

ಅಣೆಕಟ್ಟಿನ ಕಥೆಯೂ ಹೀಗೆಯೇ. 1945ರಲ್ಲಿ ಒಂದು ದಡದಲ್ಲಿ ಹೈದರಾಬಾದ್ ಸಂಸ್ಥಾನ, ಇನ್ನೊಂದು ದಡದಲ್ಲಿ ಮದ್ರಾಸ್ ಪ್ರಾಂತ ಸೇರಿ ಶಂಕುಸ್ಥಾಪನೆ ಮಾಡಿದ ಯೋಜನೆಯಿದು. ಮುಂದೆ 1953ರಲ್ಲಿ ತುಂಗಭದ್ರಾ ಮಂಡಳಿ ಬಂತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಇಂದು ಕರ್ನಾಟಕ, ಆಂಧ್ರ, ತೆಲಂಗಾಣ ಮೂರಕ್ಕೂ ನೀರಿನ ಪಾಲು ಹಂಚುವ ಈ ವ್ಯವಸ್ಥೆಯ ಸಂಪರ್ಕ ಭಾಷೆ ಇಂಗ್ಲಿಷ್. 2024ರ ಆಗಸ್ಟ್ 10ರ ರಾತ್ರಿ ಒಟ್ಟು 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದಾಗ ‘ಕ್ರೆಸ್ಟ್ ಗೇಟ್’, ‘ಸ್ಟಾಪ್‌ಲಾಗ್’ ಎಂಬ ಪದಗಳು ದಿಢೀರನೆ ಪತ್ರಿಕೆಗಳಿಗೆ ಬಂದವು. ಭತ್ತ ನಾಟಿ ಮಾಡಿದ ರೈತನಿಗೆ ತಿಳಿಯಬೇಕಾಗಿದ್ದು ಒಂದೇ: ಬೆಳೆಗೆ ನೀರು ಉಳಿಯುತ್ತದೆಯೋ ಇಲ್ಲವೋ? ಎಂಜಿನಿಯರನ ಮಾತನ್ನು ಆ ಪ್ರಶ್ನೆಗೆ ಉತ್ತರವಾಗಿ ತಿರುಗಿಸಿ ಹೇಳಬಲ್ಲ ವರದಿಗಾರರ, ಆಕಾಶವಾಣಿ ಉದ್ಘೋಷಕರ ಬೆಲೆ ಅಂದು ತಿಳಿಯಿತು.

ಸಂಡೂರಿಗೆ ಬನ್ನಿ. ಅಕ್ರಮ ಗಣಿಗಾರಿಕೆಯ ಮೇಲೆ 2011ರಲ್ಲಿ ಬಂದ ಲೋಕಾಯುಕ್ತ ವರದಿ, ಸುಪ್ರೀಂ ಕೋರ್ಟಿನ ಆದೇಶಗಳು, ಗಣಿ ಯೋಜನೆಗಳ ಪರಿಸರ ವರದಿಗಳು ಎಲ್ಲವೂ ಇಂಗ್ಲಿಷಿನವು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಮುನ್ನ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಅಲ್ಲಿ ಅನುವಾದಕ ನಿಘಂಟು ನೋಡಿ ‘ಓವರ್‌ಬರ್ಡನ್’ ಎಂಬುದನ್ನು ‘ಅತಿಭಾರ’ ಎಂದು ಬರೆದನೆನ್ನಿ. ಹಳ್ಳಿಯವರಿಗೆ ಏನು ಅರ್ಥವಾದೀತು? ಅದಿರಿನ ಮೇಲಿಂದ ತೆಗೆದು ರಾಶಿ ಹಾಕುವ ಮಣ್ಣು, ಕಲ್ಲು ಅದು. ಮಳೆ ಬಂದಾಗ ಹಳ್ಳಕ್ಕೆ, ಹೊಲಕ್ಕೆ ಹರಿದು ಬರುವುದೂ ಅದೇ. ಒಂದು ಪದ ತಪ್ಪಿದರೆ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಯೇ ಹುಟ್ಟುವುದಿಲ್ಲ. 2020ರಲ್ಲಿ ಈ ಅಧಿಸೂಚನೆಯ ಹೊಸ ಕರಡು ಬಂದಾಗ, ಅದನ್ನು ದೇಶದ 22 ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಆದೇಶಿಸಿದ್ದು ಇದೇ ಕಾರಣಕ್ಕೆ.

ಅದೇ ಸಂಡೂರಿನಲ್ಲಿ ಇನ್ನೊಂದು ಬಗೆಯ ಕೆಲಸವೂ ಇದೆ. ಲಂಬಾಣಿ ಹೆಂಗಸರ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಕಿಲಾನ್, ವೇಲೆ ಮುಂತಾದ ಹೊಲಿಗೆಗಳ ಹೆಸರು, ಅವುಗಳ ಹಿಂದಿನ ಬಾಳು ಇವನ್ನು ದೂರದ ಕೊಳ್ಳುವವರಿಗೆ ತಿಳಿಯುವಂತೆ ಬರೆದರೆ ಆ ಬಟ್ಟೆಯ ಬೆಲೆ ಹೆಚ್ಚುತ್ತದೆ. ಹೊಲಿದವಳ ಹೆಸರೂ ಅದರ ಜೊತೆ ಹೋಗಬೇಕು.

ಮುಂದಿನ ದಾರಿ

ಇಂಗ್ಲಿಷ್ ಓದಿ ಅದರಾಚೆಗೆ ಹೋದವರು ಕನ್ನಡಕ್ಕೆ ಹೊಸಬರಲ್ಲ. ಇಂಗ್ಲಿಷ್ ಪ್ರಾಧ್ಯಾಪಕರಾದ ಬಿ.ಎಂ. ಶ್ರೀ. ಅವರಿಂದ ಹೊಸಗನ್ನಡ ಕವಿತೆಗೆ ತಿರುವು ಸಿಕ್ಕಿತು. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳನ್ನು ಜಗತ್ತಿನ ಓದುಗರ ಮುಂದಿಟ್ಟರು. ಇಂಗ್ಲಿಷ್ ಪಾಠ ಹೇಳುತ್ತಿದ್ದ ಲಂಕೇಶ್ ನೌಕರಿ ಬಿಟ್ಟು 1980ರಲ್ಲಿ ಪತ್ರಿಕೆ ಕಟ್ಟಿದರು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಬಹುಮಾನದ ಹಣ ಸರಿಸಮನಾಗಿ ಹಂಚಿಕೆಯಾಯಿತು. ಲಕ್ಷ್ಮಯ್ಯನವರಿಗೆ ಸಿಗದೆ ಹೋದ ಮನ್ನಣೆ ಇದು.

ಹಂಪಿಯಲ್ಲೇ ಇನ್ನೊಂದು ನಿದರ್ಶನವಿದೆ. 1991ರಲ್ಲಿ ಇಲ್ಲಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 1994ರಲ್ಲಿ ಅದು ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಕರ್ನಾಟಕದ ಕೈಫಿಯತ್ತುಗಳನ್ನು ಪ್ರಕಟಿಸಿತು. ಮೆಕೆಂಝಿಯ ಜನ ಬರೆದುಕೊಂಡು ಹೋಗಿ ಮದರಾಸಿನಲ್ಲಿ ಉಳಿದಿದ್ದ ಸಾಮಗ್ರಿ ಹೀಗೆ ಕನ್ನಡ ಓದುಗರ ಕೈಗೆ ಮರಳಿ ಬಂತು. ಅದೇ ವಿಶ್ವವಿದ್ಯಾಲಯದಲ್ಲಿ ಭಾಷಾಂತರ ಅಧ್ಯಯನಕ್ಕೆ ವಿಭಾಗವೂ ಇದೆ.

ಹೊಸಪೇಟೆ, ಕಂಪ್ಲಿ, ಸಂಡೂರುಗಳ ಕಾಲೇಜುಗಳು ಇದಕ್ಕಾಗಿ ದೊಡ್ಡ ಅನುದಾನ ಕಾಯಬೇಕಾಗಿಲ್ಲ. 1904ರ ಬಳ್ಳಾರಿ ಜಿಲ್ಲಾ ಗೆಜೆಟಿಯರಿನಲ್ಲಿ ತನ್ನ ಊರಿನ ಬಗ್ಗೆ ಇರುವ ಪುಟವನ್ನು ಪ್ರತಿ ವಿದ್ಯಾರ್ಥಿಯೂ ಕನ್ನಡಕ್ಕೆ ತರಲಿ. ತಂದು ಊರಿನ ಹಿರಿಯರ ಮುಂದೆ ಓದಿ, ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಕೇಳಲಿ. ತೂಬು, ನೀರಗಂಟಿ, ಮಾಗಾಣಿ ಮುಂತಾದ ಕಾಲುವೆಯ ಪದಗಳ ಪಟ್ಟಿ ಮಾಡಿ ಇಂಗ್ಲಿಷಿನಲ್ಲಿ ವಿವರಿಸಲಿ. ಅಹವಾಲು ಸಭೆಗೆ ಬರುವ ಕನ್ನಡ ಸಾರಾಂಶವನ್ನು ಮೂಲದ ಜೊತೆ ಹೋಲಿಸಿ ನೋಡಲಿ. ಇದರಲ್ಲಿ ಅಂಕವೂ ಇದೆ, ಅನುಭವವೂ ಇದೆ, ಮುಂದೆ ಪತ್ರಿಕೆಗೋ ಪ್ರಕಾಶಕರಿಗೋ ಕಾರ್ಖಾನೆಗೋ ಸ್ವಯಂಸೇವಾ ಸಂಸ್ಥೆಗೋ ತೋರಿಸಬಹುದಾದ ಕೆಲಸವೂ ಇದೆ.

ಯಂತ್ರವೇ ಅನುವಾದ ಮಾಡುವಾಗ ಮನುಷ್ಯನಿಗೇನು ಕೆಲಸ ಎಂದು ಕೇಳುವವರುಂಟು. ಯಂತ್ರ ವಾಕ್ಯವನ್ನು ತಿರುಗಿಸಿ ಕೊಡಬಹುದು. ಅದು ತಿರುಗಿಸಿದ್ದು ಸರಿಯೇ ಎಂದು ಸಂಡೂರಿನ ಸಭೆಯಲ್ಲಿ ಎದ್ದು ನಿಂತು ಹೇಳಲು, ತಪ್ಪಿದ್ದರೆ ಅದಕ್ಕೆ ಹೊಣೆ ಕೇಳಲು, ಆ ಊರನ್ನೂ ಆ ಎರಡು ಭಾಷೆಗಳನ್ನೂ ಬಲ್ಲ ಒಬ್ಬರು ಬೇಕೇ ಬೇಕು. ಆ ಜಾಗ ಇಂದಿಗೂ ಬಹುಮಟ್ಟಿಗೆ ಖಾಲಿ ಇದೆ. ಅದನ್ನು ತುಂಬಬಲ್ಲವರು ನಮ್ಮ ಕಾಲೇಜುಗಳಲ್ಲೇ ಐಚ್ಛಿಕ ಇಂಗ್ಲಿಷ್ ಓದುತ್ತಿದ್ದಾರೆ.